ಆ ಕೋಣೆಗೆ ಹೋದ ಮಾತು

ಶನಿವಾರ, ಶಾಲೆ ಬಿಟ್ಟ ಮೇಲೆ

ಆ ಕೋಣೆಯ ಮೇಷ್ಟ್ರಿಗೆ,

ಈ ಕೋಣೆಯ ಟೀಚರ್ ಮಾಡುವ ನಮಸ್ಕಾರ. ಗಂಡನಿಗೆ ಯಾರಾದರೂ ಹೀಗೆ ಪತ್ರ ಶುರು ಮಾಡುತ್ತಾರೆಯೇ ಎಂದು ಹುಬ್ಬೇರಿಸಬೇಡಿ. ನಮ್ಮ ಎರಡು ಕೋಣೆಯ ಶಾಲೆಯಲ್ಲಿ ಮಕ್ಕಳು ನಮ್ಮಿಬ್ಬರನ್ನು ಕರೆಯುವುದೇ ಹಾಗೆ, ಸದ್ಯಕ್ಕೆ ನಮ್ಮ ನಡುವೆ ಉಳಿದಿರುವ ಸಂಬಂಧವೂ ಅಷ್ಟೇ. 'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ. ಸಿಟ್ಟಿನಲ್ಲೇ ಬರೆಯಲು ಕೂತಿದ್ದೇನೆ, ಸಿಟ್ಟಿನಲ್ಲೇ ಮುಗಿಸುತ್ತೇನೆ. ಅರ್ಧಕ್ಕೆ ಮಡಚಿಡದೆ ಕೊನೆಯವರೆಗೆ ಓದಿ.

ಮೊದಲು ಸೀಟಿಯ ವಿಚಾರ. ಶಾಲೆಯ ಸೀಟಿ ನಿಮ್ಮ ಅಂಗಿ ಜೇಬಿನಲ್ಲೇ ಹೋಗಿದೆ. ಬರುವ ಶನಿವಾರ ಶಾಲಾ ದಿನ ಅನ್ನುವುದು ನೆನಪಿದೆಯೋ, ಅದನ್ನೂ ಇಲ್ಲೇ ಬಿಟ್ಟು ಹೋದಿರೋ ಗೊತ್ತಿಲ್ಲ. ಬೆಳಿಗ್ಗೆ ಓಟ, ಗೋಣಿಚೀಲದ ಓಟ, ಮೂರು ಕಾಲಿನ ಓಟ. ಸಂಜೆ ಹಾಡು, ನಾಟಕ. ಸೀಟಿಯಿಲ್ಲದೆ ನಾನು ಚಪ್ಪಾಳೆ ತಟ್ಟಿ ಮಕ್ಕಳನ್ನು ಓಡಿಸುತ್ತಿದ್ದೇನೆ. ಅಭ್ಯಾಸ ನೋಡಲು ಬಂದ ಅಮ್ಮಂದಿರೂ ಖುಷಿಯಿಂದ ಚಪ್ಪಾಳೆ ತಟ್ಟುತ್ತಾರೆ. ಮಕ್ಕಳು ಇನ್ನೊಂದು ಓಟ ಶುರುವಾಯಿತು ಅಂದುಕೊಂಡು ಮತ್ತೆ ಓಡುತ್ತಾರೆ. ನಿನ್ನೆ ಒಂದನೇ ತರಗತಿಯ ಮಗುವೊಂದು ಹೀಗೆ ಓಡಿ ಓಡಿ ಸುಸ್ತಾಗಿ ಗೆರೆಯ ಮೇಲೇ ಮಲಗಿಬಿಟ್ಟಿತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ನಿಮ್ಮ ಮೇಲೆ ಮೈಯೆಲ್ಲ ಉರಿಯಿತು.

ಆಮೇಲೆ ಕಂಡಕ್ಟರ್ ವಿಚಾರ. ನೀವು ವರ್ಗಾವಣೆಗೆ ಅರ್ಜಿ ಹಾಕಿದ್ದೀರೆಂದು ನನಗೆ ಹೇಳಿದವರು ನೀವಲ್ಲ, ಬೆಳಗಿನ ಬಸ್ಸಿನ ಕಂಡಕ್ಟರ್. ಬಣ್ಣದ ಕಾಗದ ತರಲು ಪೇಟೆಗೆ ಹೊರಟಿದ್ದೆ. ಮೇಷ್ಟ್ರು ಪೇಟೆಯ ಶಾಲೆಗೇ ಬರ್ತಾರಂತಲ್ಲ ಟೀಚರ್ ಎಂದು ಟಿಕೆಟ್ ಹರಿಯುತ್ತಾ ಕೇಳಿದ. ಬಸ್ಸಿನ ತುಂಬ ಜನ ಕಿವಿ ನೆಟ್ಟಗೆ ಮಾಡಿಕೊಂಡು ನನ್ನ ಮುಖವನ್ನೇ ನೋಡಿದರು. ನನಗೆ ಗೊತ್ತು ಎಂದೆ. ಸುಳ್ಳು ಹೇಳಿದೆ. ಮುಂದಿನ ನಿಲ್ದಾಣದಲ್ಲಿ ಇಳಿದು ಬಿಸಿಲಲ್ಲಿ ವಾಪಸ್ ನಡೆದು ಬಂದೆ. ಬಣ್ಣದ ಕಾಗದ ಇನ್ನೂ ಬಂದಿಲ್ಲ. ಒಂದೇ ಮನೆಯಲ್ಲಿದ್ದ ಹೆಂಡತಿಗೆ ವಿಷಯ ತಿಳಿಸಲು ನಿಮಗೆ ಕಂಡಕ್ಟರ್ ಬೇಕಾದನೇ?

ಬೇಕಾಗುತ್ತಾನೆ, ಬಿಡಿ. ಮಾತು ಹೊರಲು ಬೇರೆಯವರನ್ನು ಹುಡುಕುವ ಚಟ ನಮಗಿಬ್ಬರಿಗೂ ಅಂಟಿದೆ.

ಗುರುವಾರ ಪೋಷಕರ ಸಭೆ ನಡೆಯಿತು. ಎರಡೂ ಕೋಣೆಗಳ ನಡುವಿನ ಜಗಲಿಯಲ್ಲೇ ಎಲ್ಲರೂ ಕೂತರು. ನೀವು ಹೋದಾಗಿನಿಂದ ನನ್ನ ಕುರ್ಚಿಯೂ ಅಲ್ಲೇ ಇದೆ. ಎಡಕ್ಕೆ ತಿರುಗಿ ಚಿಕ್ಕವರಿಗೆ ಅಕ್ಷರ, ಬಲಕ್ಕೆ ತಿರುಗಿ ದೊಡ್ಡವರಿಗೆ ಭಾಗಾಕಾರ, ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಂಡಿರುತ್ತದೆ. ಬುಧವಾರ ಅಪ್ಪಂದಿರೆಲ್ಲ ಸೇರಿ ನೀರಿನ ತೊಟ್ಟಿ ತೊಳೆಯುವುದು, ಶುಕ್ರವಾರ ಕ್ಷೌರದಂಗಡಿಯವರು ಶಾಲೆಗೇ ಬಂದು ಮಕ್ಕಳ ತಲೆ ನೀಟು ಮಾಡುವುದು, ದಿನಸಿ ಅಂಗಡಿಯವರು ಓಟಕ್ಕೆ ಗೋಣಿಚೀಲ ಕೊಡುವುದು ಎಂದು ತೀರ್ಮಾನವಾಯಿತು. ವೇದಿಕೆಯ ಪರದೆ ಹೊಲಿಯುವುದು ದರ್ಜಿಯಮ್ಮನ ಪಾಲಿಗೆ ಬಂತು. ಕೊನೆಗೆ ಕ್ಷೌರದಂಗಡಿಯವರು ವಂದನಾರ್ಪಣೆ ಯಾರದು, ಮೇಷ್ಟ್ರು ಬರುತ್ತಾರಲ್ಲ ಎಂದು ಕೇಳಿದರು. ಬರುತ್ತಾರೆ ಎಂದೆ. ಅದು ಇನ್ನೊಂದು ಸುಳ್ಳು. ಜಗಲಿಯ ಹಲಗೆಯ ಮೇಲೆ 'ವಂದನಾರ್ಪಣೆ: ಆ ಕೋಣೆಯ ಮೇಷ್ಟ್ರು' ಎಂದು ಬರೆದೂ ಬಿಟ್ಟೆ.

ಆ ವಂದನಾರ್ಪಣೆಯಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು! ಹೋದ ವರ್ಷ ಮೈಕ್ ಹಿಡಿದು ಪರದೆ ಹೊಲಿದವರಿಗೆ, ದೀಪ ಹಾಕಿದವರಿಗೆ, ಕುರ್ಚಿ ಕೊಟ್ಟವರಿಗೆ, ಕುರ್ಚಿ ಹೊತ್ತು ತಂದವರಿಗೆ, ಕೊನೆಗೆ ಆ ದಿನ ಮೋಡ ಹಾಕಿ ಬಿಸಿಲು ತಡೆದ ಆಕಾಶಕ್ಕೂ ವಂದನೆ ಹೇಳಿದಿರಿ. ತಿಂಗಳುಗಟ್ಟಲೆ ಗಂಟಲು ಹರಿದುಕೊಂಡು ನಾಟಕ ಕಲಿಸಿದವಳು ಪರದೆಯ ಪಕ್ಕದಲ್ಲೇ ನಿಂತಿದ್ದಳು. ಅವಳ ಸುದ್ದಿಯೇ ಇಲ್ಲ. ಮನೆಗೆ ಬಂದು ಕೇಳಿದರೆ, "ನೀನು ಮನೆಯವಳಲ್ವಾ, ನಿಂಗೂ ಥ್ಯಾಂಕ್ಸ್ ಹೇಳ್ಬೇಕಾ?" ಎಂದು ನಕ್ಕಿರಿ. ಆ ನಗುವಿಗೆ ಇವತ್ತಿಗೂ ನನ್ನಲ್ಲಿ ಕ್ಷಮೆಯಿಲ್ಲ.

ಅಂದಿನಿಂದ ನಾನು ಮಾತು ಬಿಟ್ಟೆ. ನೀವೂ ಜಿದ್ದಿಗೆ ಬಿದ್ದು ಬಿಟ್ಟಿರಿ. ಮನೆಯಲ್ಲಿ ಬೀಗದ ಕೈ, ಹಾಲು, ಕರೆಂಟಿನ ಬಿಲ್ಲು, ಇಷ್ಟಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದೆವು. ಹೇಳಿ ಕಳಿಸಲು ನಮ್ಮ ಮನೆಯಲ್ಲಿ ಮಗುವಿಲ್ಲವಲ್ಲ. ಶಾಲೆಯಲ್ಲಿ ಮಕ್ಕಳಿದ್ದರು. ಹಾಗಾಗಿ 'ಮೇಷ್ಟ್ರಿಗೆ ಹೇಳು', 'ಟೀಚರಿಗೆ ಹೇಳು' ಶುರುವಾಯಿತು. ಈ ಕೋಣೆಯಿಂದ ಆ ಕೋಣೆಗೆ ಮಾತು ಒಯ್ಯುವ ಕೆಲಸ ದರ್ಜಿಯಮ್ಮನ ಮಗಳದಾಯಿತು. ಮಾತಾಡುವಾಗ ಒಂಟಿ ಕಾಲಲ್ಲಿ ಗಿರ್ರನೆ ತಿರುಗುತ್ತಾಳೆಂದು ನೀವೇ ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದು. ನಾಲ್ಕನೇ ತರಗತಿಯ ಆ ಪುಟ್ಟ ಹುಡುಗಿ ಒಂದು ವರ್ಷ ನಮ್ಮ ಜಗಳ ಹೊತ್ತು ತಿರುಗಿದಳು. ನಮಗೆ ನಾಚಿಕೆಯಾಗಲಿಲ್ಲ.

ನೀವು ಹೊರಟುಹೋದ ಹಿಂದಿನ ದಿನ ಬುಗುರಿಗೆ ಜ್ವರ, ಶಾಲೆಗೆ ಬಂದಿರಲಿಲ್ಲ. ಪರದೆಗೆ ನೀಲಿ ಬಟ್ಟೆಯೋ ಕೆಂಪು ಬಟ್ಟೆಯೋ ಎಂದು ನೀವು ದಿನಸಿ ಅಂಗಡಿಯವರ ಮಗನ ಕೈಯಲ್ಲಿ ಕೇಳಿ ಕಳಿಸಿದಿರಿ. ಅವನನ್ನು ಎಲ್ಲರೂ ತಕ್ಕಡಿ ಎನ್ನುವುದು ಸುಮ್ಮನೆ ಅಲ್ಲ. ಹೇಳಿದ್ದಕ್ಕೆ ಒಂದು ಗುಲಗಂಜಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆವತ್ತು ನನ್ನ ತಲೆ ಕೆಟ್ಟಿತ್ತು. "ಯಾವ ಬಣ್ಣ ಆದ್ರೇನು, ಅವರು ಇದ್ರೂ ಒಂದೇ ಇಲ್ಲದಿದ್ರೂ ಒಂದೇ ಅಂತ ಹೇಳು," ಎಂದೆ. ಅವನು ಹಾಗೆಯೇ ಹೇಳಿದ. ನಾನು ಕೈ ಕೊಡವಿದ್ದನ್ನೂ ಕೊಡವಿ ತೋರಿಸಿದನಂತೆ. ಮಾರನೆಯ ಬೆಳಿಗ್ಗೆ ನೀವು ಚೀಲ ಹೆಗಲಿಗೇರಿಸಿ ನಿಮ್ಮ ಅಕ್ಕನ ಮನೆಗೆ ಹೊರಟಿರಿ.

ಆ ಮಾತು ಹೇಳಿಲ್ಲ ಎಂದು ನಾನು ಅನ್ನುವುದಿಲ್ಲ. ಹೇಳಿದ್ದೇನೆ. ಆದರೆ ಅದಕ್ಕಿಂತ ಕಟುವಾದ ಎಷ್ಟೋ ಮಾತುಗಳನ್ನು ವರ್ಷವಿಡೀ ಕಳಿಸಿದ್ದೆನಲ್ಲ, ಆಗೆಲ್ಲ ಸುಮ್ಮನಿದ್ದ ಮನುಷ್ಯ ಇದೊಂದಕ್ಕೆ ಊರು ಬಿಡುವುದೇ ಎಂದು ನನಗೆ ಅರ್ಥವಾಗಿರಲಿಲ್ಲ. ನಿನ್ನೆ ಅರ್ಥವಾಯಿತು.

ಜ್ವರ ಬಿಟ್ಟು ಬುಗುರಿ ಶಾಲೆಗೆ ಬಂದಳು. ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು ಖಾಲಿ ಕುರ್ಚಿ ನೋಡಿದಳು. ಅವತ್ತಿನಿಂದ ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೇ. ಶಾಲಾ ದಿನದ ನಿರೂಪಣೆ ಅವಳದು. ಮೈಕ್ ಮುಂದೆ ನಿಲ್ಲುತ್ತೇನೆಂದು ವರ್ಷವೆಲ್ಲ ಕನಸು ಕಂಡವಳು ಈಗ ಅಭ್ಯಾಸಕ್ಕೆ ಕರೆದರೆ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾಳೆ. ನಿನ್ನೆ ಅವಳಮ್ಮ ಅರ್ಧ ಹೊಲಿದ ಪರದೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದರು. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ, ನಾನು ರಜೆ ಹಾಕಿದ್ದಕ್ಕೆ ಮೇಷ್ಟ್ರು ಹೋದರು ಎಂದು ಅಳುತ್ತಾಳೆ, ಇದೇನು ಟೀಚರ್ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ.

ನಾನು ಬುಗುರಿಯನ್ನು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡೆ. ಉಗುರಿನಿಂದ ನೆಲ ಕೆರೆದಳು. ಆಮೇಲೆ ಹೇಳಿದಳು.

"ನೀವು ಹೇಳಿದ್ದನ್ನ ಹಾಗೇ ಹೇಳಿದ್ರೆ ಮೇಷ್ಟ್ರಿಗೆ ಬೇಜಾರಾಗುತ್ತೆ ಅಂತ ನಾನೇ ಸ್ವಲ್ಪ ಚೆನ್ನಾಗಿ ಮಾಡಿ ಹೇಳ್ತಿದ್ದೆ ಟೀಚರ್. ತಕ್ಕಡಿಗೆ ಹಾಗೆ ಮಾಡೋಕೆ ಬರಲ್ಲ."

ಹೇಗೆ ಚೆನ್ನಾಗಿ ಮಾಡುತ್ತಿದ್ದೆ ಎಂದು ಕೇಳಿದೆ. ಕೇಳಬಾರದಿತ್ತು. ಆ ಗಡಿಯಾರಕ್ಕೆ ಕೀ ಕೊಡದ ಸೋಮಾರಿಗೆ ಹೇಳು ಎಂದು ನಾನು ಅಂದದ್ದು ಆ ಕೋಣೆ ತಲುಪುವಷ್ಟರಲ್ಲಿ 'ಗಡಿಯಾರ ನಿಂತಿದೆ, ನಿಮಗೆ ಬಿಡುವಾದಾಗ ನೋಡಬೇಕಂತೆ, ಮಂಡಿ ನೋವು ಹೇಗಿದೆ ಅಂತ ಕೇಳಿದ್ರು' ಆಗಿತ್ತು. ಪ್ರತಿ ಮಾತಿನ ಬಾಲಕ್ಕೂ 'ಊಟ ಆಯ್ತಾ ಅಂತ ಕೇಳಿದ್ರು' ಎಂದು ಅವಳೇ ಕಟ್ಟುತ್ತಿದ್ದಳಂತೆ. ನಿಮ್ಮ ಕಡೆಯಿಂದ ಬಂದವುಗಳದೂ ಅದೇ ಕಥೆ. ಟೀಚರ್ ಕಲಿಸಿದ ಹಾಡು ಚೆನ್ನಾಗಿದೆಯಂತೆ ಎಂದು ಬಂದದ್ದು ಅವಳದು. ನೀವು ನಿಜವಾಗಿ ಹೇಳಿ ಕಳಿಸಿದ್ದು, ಆ ಕಿರುಚಾಟ ನಿಲ್ಲಿಸಲು ಹೇಳು ಎಂದು. ನಾನು ಆ ದಿನ ಎಷ್ಟು ಉಬ್ಬಿಹೋಗಿದ್ದೆ ಗೊತ್ತೇ?

ಈಗ ಹೇಳಿ, ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಒಂದು ವರ್ಷ ನಮ್ಮ ಸಂಸಾರ ನಡೆಸಿದವಳು ಆ ಹುಡುಗಿ. ಇಬ್ಬರು ಮೇಷ್ಟ್ರುಗಳು, ನೂರು ಮಕ್ಕಳಿಗೆ ಬುದ್ಧಿ ಹೇಳಿದವರು, ಅವಳಿಗೆ ಜ್ವರ ಬಂದ ಒಂದೇ ದಿನಕ್ಕೆ ಮನೆ ಮುರಿದುಕೊಂಡೆವು. ಸಾಲದ್ದಕ್ಕೆ ತಪ್ಪು ತನ್ನದೆಂದು ಅವಳು ಊಟ ಬಿಟ್ಟು ಕೂತಿದ್ದಾಳೆ. ನಾನು ನಿನ್ನದಲ್ಲ ತಪ್ಪು ಎಂದು ಹತ್ತು ಸಲ ಹೇಳಿದೆ. ನಂಬಲಿಲ್ಲ. ನನ್ನ ಮಾತನ್ನು ಇದ್ದಂತೆ ನಂಬುವುದು ಅವಳಿಗೆ ಅಭ್ಯಾಸವಿಲ್ಲ.

ಇನ್ನೊಂದು ಕೇಳಿ. ಇವತ್ತು ಒಂದನೇ ತರಗತಿಯ ಇಬ್ಬರು ಒಂದೇ ಮಣೆಯ ಮೇಲೆ ಅಂಟಿಕೊಂಡು ಕೂತಿದ್ದರು. ಏನೋ ಜಗಳವಾಗಿತ್ತು. ಒಬ್ಬಳು ನನ್ನ ಸೆರಗು ಜಗ್ಗಿ, ಬಳಪ ಕೊಡು ಅಂತ ಅವಳಿಗೆ ಹೇಳಿ ಎಂದಳು. ಅವಳು ಪಕ್ಕದಲ್ಲೇ ಇದ್ದಾಳಲ್ಲ, ನೀನೇ ಹೇಳು ಎಂದೆ. ನಾವು ಮಾತು ಬಿಟ್ಟಿದ್ದೀವಿ ಟೀಚರ್, ನಿಮ್ಮ ಥರ ಎಂದಳು. ವಿಚಾರಿಸಿದರೆ ಎರಡೂ ಕೋಣೆಯಲ್ಲಿ ಈಗ ಇದೇ ಆಟವಂತೆ. ನಾವು ಈ ಶಾಲೆಯಲ್ಲಿ ಕಲಿಸಿದ್ದರಲ್ಲಿ ಮಕ್ಕಳು ಚೆನ್ನಾಗಿ ಕಲಿತದ್ದು ಇದೊಂದೇ ಇರಬೇಕು.

ಆದ್ದರಿಂದ ನೀವು ಬರಬೇಕು. ನನಗಾಗಿ ಬನ್ನಿ ಎಂದು ಬೇಡುತ್ತಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಶಾಲಾ ದಿನ ಮುಗಿದ ಮೇಲೆ ಪೇಟೆಯ ಶಾಲೆಗೆ ಹೋಗುವುದಾದರೆ ಹೋಗಿ, ನಾನು ಚೀಲಕ್ಕೆ ಕೈ ಹಾಕುವುದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ನಿಮ್ಮ ಕೋಣೆಯಲ್ಲಿ ಹಾಜರಿರಬೇಕು. ಬುಗುರಿಯ ಎದುರು ಕೂತು, ನಾನು ಹೋದದ್ದು ನಿನ್ನಿಂದಲ್ಲ, ನಾವಿಬ್ಬರು ದೊಡ್ಡವರು ದಡ್ಡರಾಗಿದ್ದರಿಂದ ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ಶನಿವಾರ ಅವಳು ಮೈಕ್ ಮುಂದೆ ನಿಲ್ಲಬೇಕು. ವಂದನಾರ್ಪಣೆ ನೀವೇ ಮಾಡಿ. ಕುರ್ಚಿ, ದೀಪ, ಆಕಾಶ, ಯಾರಿಗೆ ಬೇಕಾದರೂ ವಂದನೆ ಹೇಳಿ. ಈ ಸಲವೂ ನನ್ನನ್ನು ಮರೆತರೆ ಮರೆಯಿರಿ. ಅವಳನ್ನು ಮರೆತಿರೋ, ಅದೇ ಮೈಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ನಾನು ಮಾತಾಡುತ್ತೇನೆ.

ಒಂದು ಅನುಮಾನ ಮಾತ್ರ ತಲೆ ತಿನ್ನುತ್ತಿದೆ. ಚಳಿಗಾಲದಲ್ಲಿ ಒಂದು ದಿನ ಬುಗುರಿ ಬಂದು, ಟೀಚರ್ ರಾತ್ರಿಯೆಲ್ಲ ಕೆಮ್ಮುತ್ತಿದ್ದರು, ತಣ್ಣೀರು ಮುಟ್ಟದೆ ಬಿಸಿನೀರು ಕುಡಿಯಲಿ ಎಂದು ಮೇಷ್ಟ್ರು ಹೇಳಿದರು ಎಂದಿದ್ದಳು. ನಿನ್ನೆ ಅವಳನ್ನು ಕೇಳಿದೆ, ಅದೂ ನಿನ್ನದೇ ಏನೇ ಎಂದು. ಇಲ್ಲ ಟೀಚರ್, ಅದು ಮೇಷ್ಟ್ರೇ ಹೇಳಿದ್ದು ಎಂದಳು. ನಾನು ರಾತ್ರಿ ಕೆಮ್ಮಿದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ಪಕ್ಕದ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದವರು ನಿದ್ದೆ ಮಾಡಿರಲಿಲ್ಲ ಅಂತಾಯಿತು. ಅಷ್ಟು ಇದ್ದವರು ಎದ್ದು ಬಂದು ನೇರವಾಗಿ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದಿರುವುದು ಅದಕ್ಕೇ.

ಸೀಟಿ ಮರೆಯದೆ ತನ್ನಿ.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ
ಈ ಕೋಣೆಯ ಟೀಚರ್

ಮರೆತದ್ದು: ಇದನ್ನು ಭಾನುವಾರ ಬರೆಯುತ್ತಿದ್ದೇನೆ, ಬಸ್ಸಿನಲ್ಲಿ ಕೂತು, ಅಕ್ಷರ ಓಲಾಡಿದರೆ ಅದಕ್ಕೇ. ಪತ್ರವನ್ನು ಅಂಚೆಗೆ ಹಾಕಲಿಲ್ಲ. ಕಂಡಕ್ಟರ್ ತಾನೇ ತಲುಪಿಸುತ್ತೇನೆ ಎಂದು ಕೈ ಚಾಚಿದ, ಕೊಡಲಿಲ್ಲ. ಇನ್ನು ಮೇಲೆ ಯಾರ ಕೈಯಲ್ಲೂ ಹೇಳಿ ಕಳಿಸುವುದಿಲ್ಲ. ಬಾಯಿ ತೆರೆದರೆ ಮತ್ತೆ ಜಗಳವಾಗುತ್ತದೆಂದು ಇಷ್ಟನ್ನೂ ಬರೆದು ತಂದು ನಾನೇ ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ನಿಮ್ಮ ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಬರುವಾಗ ಬುಗುರಿ ಬಸ್ ನಿಲ್ದಾಣದ ತನಕ ಓಡಿ ಬಂದಿದ್ದಳು. ಪತ್ರದ ಕೊನೆಗೆ ಅದೊಂದನ್ನು ಸೇರಿಸಿದ್ದೀರಾ ಎಂದು ಕಿವಿಯಲ್ಲಿ ಕೇಳಿದಳು. ಸೇರಿಸಿರಲಿಲ್ಲ. ಈಗ ನಾನೇ ಕೇಳುತ್ತಿದ್ದೇನೆ, ಅವಳು ಹೇಳಿಕೊಟ್ಟದ್ದಲ್ಲ. ಮಂಡಿ ನೋವು ಹೇಗಿದೆ? ಊಟ ಆಯ್ತಾ? ನನ್ನದು ಆಗಿಲ್ಲ.