ಮಗನಿಗೊಂದು ಗುರುತು

೧೨ ಫೆಬ್ರವರಿ ೧೯೪೯, ಶಹಾಪುರ

ನಾಳೆ ಕೂಸಿನ ಸುನ್ನತಿ. ಒಪ್ಪಿಗೆ ಕೊಡಲು ಇವತ್ತು ಸಂಜೆಯವರೆಗೂ ಧೈರ್ಯ ಬಂದಿರಲಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಸೈನ್ಯ ಬಂದು ನಿಜಾಮನ ಆಳಿಕೆ ಮುಗಿದಾಗ ಎದ್ದ ಗಲಭೆಯಲ್ಲಿ ಗಂಡಸರ ಬಟ್ಟೆ ಬಿಚ್ಚಿಸಿ, ಆ ಗುರುತು ನೋಡಿ ಕೊಂದರು. ತಮ್ಮ ಖಾಜಾ ಸತ್ತದ್ದು ಹಾಗೆಯೇ. ನನ್ನನ್ನು ಗೆಳೆಯ ತಿಮ್ಮಣ್ಣ ನೆಲದಡಿ ಜೋಳ ತುಂಬಿಡುವ ತನ್ನ ಹಗೇವಿನೊಳಗೆ ಅಡಗಿಸಿ ಉಳಿಸಿದ.

ಸಂಜೆ ಅವನನ್ನೇ ಕೇಳಿದೆ, "ಬ್ಯಾಡಂದುಬಿಡ್ಲೇನೋ?"

ಒಳಗಿಂದ ಹೆಂಡತಿ ಹಫೀಜಾ ಅಂದಳು, "ಹೆದರಿ ಬಿಟ್ಟೀವಂತ ಮುಂದ ಅವಗ ಹ್ಯಾಂಗ ಹೇಳೋದ್ರಿ?"

ಖಾಜಾ ಇದ್ದಿದ್ದರೆ ನಾಳೆ ಕೂಸನ್ನು ತೊಡೆಯ ಮೇಲೆ ಹಿಡಿದುಕೊಳ್ಳುತ್ತಿದ್ದ. ಹಾಗೆಂದೆ. ತಿಮ್ಮಣ್ಣ ಎದ್ದ. "ನಾ ಹಿಡ್ಕೋತೀನಿ, ತಗೋ. ಯಾರ್ ಬರ್ತಾರ ನೋಡೂಣು."

ಹೂಂ ಎಂದೆ. ಈಗ ತೊಟ್ಟಿಲ ಬಳಿ ಹೋಗದೆ ದೀಪದ ಬಳಿ ಕೂತು ಇದನ್ನು ಬರೆಯುತ್ತಿದ್ದೇನೆ. ಮಗ ಬೆಳೆದು ಒಬ್ಬನೇ ದಾರಿ ನಡೆಯುವ ಹೊತ್ತಿಗೆ ತಿಮ್ಮಣ್ಣ ಎಲ್ಲಿರುತ್ತಾನೋ.