ಡ್ಯಾನ್ಯೂಬ್ ದಂಡೆಯ ಕೆಂಡ

ಹ್ಯಾರೋದ ನಮ್ಮ ಮನೆಯಲ್ಲಿರುವ ಅತ್ತೆಯವರಿಗೆ ನಮಸ್ಕಾರ.

ನಾನು ಕೆಲಸ ಮಾಡುವ ಆಸ್ಪತ್ರೆಯ ಗೆಳತಿಯರೊಡನೆ ಆಸ್ಟ್ರಿಯಾಕ್ಕೆ ಬಂದು ಮೂರು ದಿನವಾಯಿತು. ನಿನ್ನೆ ಇಲ್ಲಿ ನಡುಬೇಸಿಗೆಯ ಬೆಂಕಿ ಹಬ್ಬ. ಡ್ಯಾನ್ಯೂಬ್ ನದಿಯ ಎರಡೂ ದಂಡೆಯ ದ್ರಾಕ್ಷಿತೋಟಗಳಲ್ಲಿ, ಗುಡ್ಡದ ತುದಿಯವರೆಗೂ ಸಾಲಾಗಿ ಬೆಂಕಿ ಹಚ್ಚಿದ್ದರು. ನನಗೆ ಧಾರವಾಡದ ಕಾಮದಹನವೇ ನೆನಪಾಯಿತು. ಬೆಂಕಿ ಇಳಿದ ಮೇಲೆ ಒಬ್ಬ ಅಜ್ಜಿ ಕಬ್ಬಿಣದ ಪಾತ್ರೆಯಲ್ಲಿ ಕೆಂಡ ತುಂಬಿಕೊಂಡು ಮನೆಗೆ ಹೊರಟರು. ಅವರ ಸೊಸೆ ಟಾರ್ಚ್ ಹಿಡಿದು ಮುಂದೆ ನಡೆದಿದ್ದಳು. “ನಮ್ಮ ಒಲೆ ಕರೆಂಟಿನದು. ಆದರೂ ಅತ್ತೆ ಪ್ರತಿ ವರ್ಷ ಒಯ್ಯುತ್ತಾರೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ಈ ಸಲದ ಹೋಳಿಯಲ್ಲಿ ನೀವು ಹಿತ್ತಲಲ್ಲಿ ನಾಲ್ಕು ಕಟ್ಟಿಗೆ ಸುಟ್ಟು, “ಕಾಮನ ಕೆಂಡ ಮನಿಗೆ ತರಲಾರ್ದ ಹಬ್ಬ ಹ್ಯಾಂಗ ಮುಗೀತದ?” ಎನ್ನುತ್ತ ಹಂಚಿನಲ್ಲಿ ಕೆಂಡ ತಂದಿರಿ. ಹೊಗೆಯ ಅಲಾರಂ ಕೂಗಿತೆಂದು ನಾನು ಅದರ ಮೇಲೆ ನೀರು ಸುರಿದೆ. ನೀವು ಹಂಚು ತೊಳೆದಿಟ್ಟಿರಿ.

ಬಿ.ಪಿ. ಮಾತ್ರೆ ಮುಗಿಯುವ ಮೊದಲೇ ಜಿ.ಪಿ. ಡಾಕ್ಟರಿಗೆ ಫೋನ್ ಮಾಡಿಸಿ. ನಮ್ಮ ದೋಣಿ ಹೊರಡುವ ಹೊತ್ತಾಯಿತು. ಬರುವ ಹೋಳಿಗೆ ನೀವು ಕೆಂಡ ತನ್ನಿ. ಅಲಾರಂ ಕೂಗದಂತೆ ಅದರ ಕೆಳಗೆ ಟವೆಲ್ ಬೀಸುತ್ತ ನಾನು ನಿಂತಿರುತ್ತೇನೆ.

ಪೂರ್ಣಿಮಾ