ಗಿನೆಮ್ ಅಜ್ಜಿಯ ಎಡಗೈ

ಗುರುವಾರ, ಸೆಪ್ಟೆಂಬರ್ 12

ಗಿನೆಮ್ ಅಜ್ಜಿಯ ಬಿಪಿ ಇನ್ನೂ ತಲೆ ತಿನ್ನುತ್ತಿದೆ. ತೆಂಪೆ ಎಂಬ ಸೋಯಾ ಬಿಲ್ಲೆ ಕರಿಯುವಾಗ ಎಣ್ಣೆ ಸಿಡಿದು, ಬಲ ಮೊಣಕೈವರೆಗೂ ಬಟ್ಟೆ ಸುತ್ತಿಕೊಂಡೇ ಇವತ್ತು, ಆರೋಗ್ಯ ಸ್ವಯಂಸೇವಕಿಯಾಗಿ ನಾನು ನಡೆಸುವ ಬಿಪಿ ತಪಾಸಣೆಗೆ ಬಂದಿದ್ದರು.

"ಎಡಗೈ ಕೊಡಿ ಅಜ್ಜಿ," ಎಂದೆ.

"ಥೂ, ನಾಲ್ಕು ಜನರ ಮುಂದೆ ಎಡಗೈ ಚಾಚೋದಾ? ನಮ್ಮಮ್ಮ ಇದ್ದಿದ್ರೆ ಬರೆ ಹಾಕ್ತಿದ್ಲು!"

"ನಿಮ್ಮಮ್ಮನಿಗೆ ನಾನು ಹೇಳ್ಕೋತೀನಿ, ಕೊಡಿ."

162 ಬಂತು. ಯಂತ್ರ ಕೆಟ್ಟಿದೆ ಅಂದುಕೊಂಡೆ. ನೋವಾಗದಂತೆ ಬಲಗೈಗೂ ಪಟ್ಟಿ ಸುತ್ತಿದೆ: 128, ಎಂದಿನಂತೆ. ಮತ್ತೆ ಎಡಗೈ: 160.

ನರ್ಸ್ ರತ್ರಿಗೆ ಫೋನ್ ಮಾಡಿದೆ. "ಹೆಚ್ಚು ಬಂದಿದ್ದನ್ನೇ ನಂಬಬೇಕು ಕಣೇ. ನಾಳೆನೇ ಡಾಕ್ಟರ ಹತ್ರ ಕರ್ಕೊಂಡ್ಬಾ. ಇಷ್ಟು ವರ್ಷ ಎಡಗೈ ನೋಡೇ ಇಲ್ವಾ?"

ಇಲ್ಲ. ಜಾವಾದಲ್ಲಿ ಯಾರು ತಾನೇ ಎಡಗೈ ಚಾಚುತ್ತಾರೆ? ಅವರು ಮರ್ಯಾದೆಯಿಂದ ಬಲಗೈ ಕೊಟ್ಟರು, ನಾನೂ ಮರ್ಯಾದೆಯಿಂದ ಅದನ್ನೇ ಅಳೆದೆ, ಎಂಟು ವರ್ಷ. ತಲೆಸುತ್ತು ಅಂತ ಅಜ್ಜಿ ಬಂದಾಗಲೆಲ್ಲ ಬಿಪಿ ಬರೆದಿಟ್ಟ ಪುಸ್ತಕ ತೆರೆದು, "ನೋಡಿ, ಬಿಪಿ ಸರಿಯಾಗೇ ಇದೆ," ಎಂದು ಮನೆಗೆ ಕಳಿಸಿದವಳು ನಾನೇ.

ನಾಳೆ ಬೆಳಿಗ್ಗೆ ಏಳಕ್ಕೇ ಅಜ್ಜಿಯನ್ನು ಕರೆದುಕೊಂಡು ಹೊರಡಬೇಕು. ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿದ್ದಾಳೆ. ಅವಳ ಎಡಗೈಯನ್ನೂ ನಾನು ಒಮ್ಮೆಯೂ ಅಳೆದಿಲ್ಲ.